ಕೋಬೊ ಟೂಲ್‌ಬಾಕ್ಸ್: ಆ್ಯಪ್ ಚೆನ್ನಾಗಿದೆ, ಗುಂಟೆ ಲೆಕ್ಕ ಮಾತ್ರ ನಾವೇ ಹೇಳಿಕೊಡಬೇಕು

ನನ್ನದು ಸರ್ವೆ ಕೆಲಸ. ಹೊರದೇಶದ ದುಡ್ಡಿನಲ್ಲಿ ಇಲ್ಲೊಂದು ಯೋಜನೆ ನಡೆದರೆ ಊರಿಗೆ ಅದರಿಂದ ಏನು ಸಿಕ್ಕಿತು ಅಂತ ಮನೆಮನೆಗೆ ಹೋಗಿ ಕೇಳಿಕೊಂಡು ಬರಬೇಕು. ಶುರುವಾಗುವ ಮುಂಚೆ ಒಂದು ಸಲ, ಅದು ಬೇಸ್‌ಲೈನ್. ಮುಗಿದ ಮೇಲೆ ಇನ್ನೊಂದು ಸಲ, ಅದು ಎಂಡ್‌ಲೈನ್. ಮೊದಲೆಲ್ಲ ಕಾಗದದ ಫಾರಂ ಇತ್ತು, ಮಳೆಗೆ ನೆನೆಯುತ್ತಿತ್ತು, ಆಮೇಲೆ ಆಫೀಸಿನಲ್ಲಿ ಕೂತು ಒಂದೊಂದೇ ಕಂಪ್ಯೂಟರಿಗೆ ಹಾಕಬೇಕಿತ್ತು. ಈಗ ಕೆಲವು ವರ್ಷಗಳಿಂದ, ಫೋನಿನಲ್ಲೇ ಸರ್ವೆ ಫಾರಂ ತುಂಬುವ ಕೋಬೊ ಬಳಸುತ್ತಿದ್ದೇನೆ.

ಇದು ಹುಟ್ಟಿದ್ದು ಅಮೆರಿಕದ ಹಾರ್ವರ್ಡ್‌ನಲ್ಲಿ. ಯುದ್ಧ, ಭೂಕಂಪ ಆದ ಜಾಗಗಳಲ್ಲಿ ನೆಟ್‌ವರ್ಕ್ ಇಲ್ಲದಿದ್ದರೂ ಮಾಹಿತಿ ಸಂಗ್ರಹಿಸಲು ಆಗಬೇಕು ಅಂತ ಮಾಡಿದ್ದು. 2019ರಿಂದ ಅದು ಸ್ವತಂತ್ರ ಸಂಸ್ಥೆ, ಲಾಭಕ್ಕೆ ನಡೆಸುವುದಲ್ಲ. ಸಣ್ಣ ಕೆಲಸಕ್ಕೆ ಉಚಿತ ಖಾತೆ ಸಾಕು, ಆದರೆ ತಿಂಗಳಿಗೆ ಇಷ್ಟೇ ಅಂತ ಮಿತಿ ಇದೆ, ಶುರು ಮಾಡುವ ಮೊದಲೇ ನೋಡಿಕೊಳ್ಳಿ. ಸರ್ವರ್ ಎರಡಿವೆ, ಒಂದು ಗ್ಲೋಬಲ್, ಇನ್ನೊಂದು ಯುರೋಪಿನದು. ಒಂದರ ಖಾತೆ ಇನ್ನೊಂದರಲ್ಲಿ ನಡೆಯುವುದಿಲ್ಲ. ಇದು ಗೊತ್ತಿಲ್ಲದೆ ಪಾಸ್‌ವರ್ಡ್ ತಪ್ಪು ಅಂದುಕೊಂಡು ನಾನು ಅರ್ಧ ದಿನ ಸುಮ್ನೆ ಒದ್ದಾಡಿದ್ದೆ.

ಫೋನಿನಲ್ಲಿ ಕೋಬೊದ ಆ್ಯಪ್ ಕೋಬೊಕಲೆಕ್ಟ್ ಹಾಕಿಕೊಂಡು ಫಾರಂ ಇಳಿಸಿಕೊಂಡರೆ ಆಮೇಲೆ ನೆಟ್ ಬೇಕಾಗಿಲ್ಲ. ತುಂಬಿದ್ದೆಲ್ಲ ಫೋನಿನಲ್ಲೇ ಇರುತ್ತದೆ, ಸಂಜೆ ಸಿಗ್ನಲ್ ಸಿಕ್ಕಾಗ ಕಳಿಸಿದರಾಯಿತು. ಕಳಿಸುವ ಮೊದಲು ಆ್ಯಪ್ ತೆಗೆದುಬಿಟ್ಟರೆ ಎಲ್ಲ ಹೋಯಿತು ಅಂತಲೇ ಅರ್ಥ, ಹೊಸ ಹುಡುಗರಿಗೆ ಮೊದಲ ದಿನವೇ ಇದನ್ನು ಎರಡು ಸಲ ಹೇಳಿ. ಜಿಪಿಎಸ್, ಫೋಟೊ ಎಲ್ಲ ಅದರಲ್ಲೇ ಬರುತ್ತದೆ. ಪ್ರಶ್ನೆಗಳನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಹಾಕಿಟ್ಟು ಬೇಕಾದಾಗ ಬದಲಾಯಿಸಬಹುದು. ಐಫೋನಿಗೆ ಮಾತ್ರ ಈ ಆ್ಯಪ್ ಇಲ್ಲ, ಬ್ರೌಸರಿನಲ್ಲಿ ತುಂಬಬೇಕು.

ಈಗ ಗುಂಟೆ ವಿಷಯಕ್ಕೆ ಬರುತ್ತೇನೆ, ಈ ರಿವ್ಯೂ ಬರೆಯಲು ಕೂತಿದ್ದೇ ಅದಕ್ಕೆ.

ಹಾವೇರಿ ಕಡೆ ಒಂದು ಕೃಷಿ ಯೋಜನೆ, ಹೆಸರು ಬೇಡ. ಬೇಸ್‌ಲೈನ್ ಮಾಡಿದ್ದು ಬೇರೆ ತಂಡ, ಎಂಡ್‌ಲೈನ್‌ಗೆ ನಾವು ಹೋದೆವು. ಲೆಕ್ಕ ಹಾಕಿ ನೋಡಿದರೆ ಎಕರೆಗೆ ಗೋವಿನಜೋಳದ ಇಳುವರಿ ಕಡಿಮೆ ಆಗಿದೆ! ರೈತರನ್ನು ಕೇಳಿದರೆ "ಇಲ್ರೀ, ಈ ಸಲ ಎರಡು ಕ್ವಿಂಟಾಲ್ ಜಾಸ್ತಿನೇ ಬಂದಿದೆ" ಅನ್ನುತ್ತಾರೆ. ತಲೆ ಕೆಟ್ಟುಹೋಯಿತು. ಕೊನೆಗೆ ಒಬ್ಬರ ಮನೆ ಜಗಲಿಯಲ್ಲಿ ಕೂತು ಪಹಣಿ ತೆಗೆಸಿ ನೋಡಿದೆ. ಅದರಲ್ಲಿ 2.20 ಅಂತಿದೆ. ಅಂದರೆ ಎರಡು ಎಕರೆ ಇಪ್ಪತ್ತು ಗುಂಟೆ. 40 ಗುಂಟೆಗೆ ಒಂದು ಎಕರೆ, ಹಾಗಾಗಿ ಎರಡೂವರೆ ಎಕರೆ. ಮೊದಲ ತಂಡ ಅದನ್ನೇ 2.2 ಎಕರೆ ಅಂತ ಹಾಕಿಬಿಟ್ಟಿದೆ.

ಲೆಕ್ಕ ನೋಡಿ. ಆಗ ಆ ರೈತರು ಬೆಳೆದದ್ದು 22 ಕ್ವಿಂಟಾಲ್. 2.2ರಿಂದ ಭಾಗಿಸಿದರೆ ಎಕರೆಗೆ 10. ಸರಿಯಾಗಿ ಎರಡೂವರೆಯಿಂದ ಭಾಗಿಸಿದರೆ 8.8. ಈ ಸಲ 24 ಕ್ವಿಂಟಾಲ್, ನಾವು ಎರಡೂವರೆ ಎಕರೆ ಅಂತ ಸರಿಯಾಗಿ ಹಾಕಿದ್ದರಿಂದ 9.6 ಬಂತು. ಇಳುವರಿ ಏರಿದ್ದು ನಿಜ, ಕಾಗದದಲ್ಲಿ ಮಾತ್ರ ಇಳಿದಿದೆ. ಯೋಜನೆ ಸೋತಿತು ಅಂತ ಒಂದು ಚುಕ್ಕಿ ಹೇಳುತ್ತಿತ್ತು, ಅಲ್ವಾ?

ಇದು ಕೋಬೊ ತಪ್ಪಲ್ಲ. ದಶಮಾಂಶ ಕೇಳು ಅಂದರೆ ಅದು ದಶಮಾಂಶ ಕೇಳುತ್ತದೆ, ಅಷ್ಟೇ. ಆದರೆ ಇದನ್ನು ಸರಿಮಾಡುವ ದಾರಿಯೂ ಅದರಲ್ಲೇ ಇದೆ. ಎಕರೆಗೆ ಒಂದು ಪ್ರಶ್ನೆ, ಗುಂಟೆಗೆ ಇನ್ನೊಂದು. ಗುಂಟೆ 40ಕ್ಕಿಂತ ಕಡಿಮೆ ಇರಲೇಬೇಕು ಅಂತ ಕಟ್ಟುಪಾಡು ಹಾಕಿ. ಗುಂಟೆಯನ್ನು 40ರಿಂದ ಭಾಗಿಸಿ ಎಕರೆಗೆ ಕೂಡಿಸುವ ಕೆಲಸವನ್ನು ಫಾರಂಗೇ ಬಿಡಿ. ಹುಡುಗ ಗುಂಟೆ ಜಾಗದಲ್ಲಿ 60 ಒತ್ತಿದರೆ ಕೆಂಪಗೆ ಒಂದು ಸಾಲು ಬರುತ್ತದೆ, ಮುಂದಕ್ಕೆ ಬಿಡುವುದಿಲ್ಲ. ಆ ಸಾಲನ್ನೂ ಕನ್ನಡದಲ್ಲಿ ಬರೆಯಬಹುದು. ನಾನು "ಗುಂಟೆ ಇಷ್ಟಾದರೆ ಎಕರೆಗೆ ಸೇರಿಸಿ ಮಾರಾಯ್ರೆ" ಅಂತ ಹಾಕಿದ್ದೇನೆ.

ಫಾರಂ ಬದಲಾಯಿಸಿದ ಮೇಲೆ ಎಲ್ಲರ ಫೋನಿನಲ್ಲೂ ಹೊಸದು ಇಳಿದಿದೆಯಾ ಅಂತ ನೋಡುವುದು ನಿಮ್ಮ ಜವಾಬ್ದಾರಿ. ನಾನು ನೋಡಲಿಲ್ಲ. ಎರಡು ಫೋನಿನಲ್ಲಿ ಹಳೆಯದೇ ಇತ್ತು, ಅಷ್ಟೂ ಮನೆಗೆ ಇನ್ನೊಂದು ಸಲ ಹೋಗಿ ಬೈಸಿಕೊಂಡೆವು.

ಒಂದು ವಿಷಯದಲ್ಲಿ ಮೋಸ ಹೋಗಬೇಡಿ. ಊರಿಗೆ ನಲ್ಲಿ ಹಾಕಿಸಿದ ಯೋಜನೆ ಅಂದುಕೊಳ್ಳಿ. ಜಿಪಿಎಸ್ ಹೇಳುವುದು ನೀವು ಆ ನಲ್ಲಿ ಹತ್ತಿರ ಹೋಗಿದ್ದಿರಿ ಅಂತ. ಫೋಟೊ ಹೇಳುವುದು ಅಲ್ಲಿ ನಲ್ಲಿ ಇದೆ ಅಂತ. ನೀರು ವಾರಕ್ಕೆ ಎಷ್ಟು ಸಲ ಬರುತ್ತದೆ ಅನ್ನುವುದನ್ನು ಕೊಡ ಹಿಡಿದು ನಿಂತ ಅಕ್ಕನನ್ನೇ ಕೇಳಬೇಕು, ಆ ಪ್ರಶ್ನೆ ನಿಮ್ಮ ಫಾರಂನಲ್ಲಿ ಇರಬೇಕು. ಪ್ಯಾರಿಸ್‌ನ ಒಇಸಿಡಿಯವರು, ಅಂದರೆ ಹೆಚ್ಚಾಗಿ ಶ್ರೀಮಂತ ದೇಶಗಳೇ ಇರುವ ಒಕ್ಕೂಟದವರು, ಇಂಥ ಯೋಜನೆಗಳನ್ನು ಅಳೆಯಲು 1991ರಲ್ಲಿ ಐದು ಮಾನದಂಡ ಕೊಟ್ಟರು, 2019ರಲ್ಲಿ ಆರನೆಯದನ್ನೂ ಸೇರಿಸಿದರು. ಅದರಲ್ಲಿ ನನಗೆ ಇಷ್ಟವಾದದ್ದು ಬಾಳಿಕೆಯ ಪ್ರಶ್ನೆ: ದುಡ್ಡು ನಿಂತ ಮೇಲೂ ಇದು ನಡೆಯುತ್ತದಾ? ಅದನ್ನು ನೋಡಲು ಎರಡು ಮೂರು ವರ್ಷ ಬಿಟ್ಟು ಮತ್ತೆ ಅದೇ ಊರಿಗೆ ಹೋಗಬೇಕು, ಆದರೆ ಆಗ ನಮ್ಮ ಬಸ್ ಚಾರ್ಜ್ ಕೊಡುವವರು ಯಾರು? 2025ರಲ್ಲಿ ಹೊರದೇಶಗಳಿಗೆ ನೆರವು ಕೊಡುತ್ತಿದ್ದ ಅಮೆರಿಕದ ಯುಎಸ್‌ಏಡ್ ಬಾಗಿಲು ಹಾಕಿದಾಗಂತೂ ಎಷ್ಟೋ ದೇಶಗಳಲ್ಲಿ ಯೋಜನೆಗಳೂ ಅವುಗಳ ಅಳತೆಯೂ ಅರ್ಧಕ್ಕೇ ನಿಂತವು.

ಕೋಬೊ ಒಳಗಿನ ಚಾರ್ಟುಗಳು ಸಾಧಾರಣ. ಎಕ್ಸೆಲ್‌ಗೆ ಇಳಿಸಿಕೊಂಡು ನೀವೇ ಮಾಡಿಕೊಳ್ಳಿ. ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಗುಂಟೆ ಫಾರಂ ಬೇಕಾದವರು ಕೇಳಿ, ಕೊಡುತ್ತೇನೆ, ಮಾರಾಯ್ರೆ ಸಾಲು ಸಮೇತ.