ಕೆರೆಯ ಕಳೆ ತೆಗೆಯಲು ಸಂಘಗಳಿಗೆ ಅನುದಾನ: ಪಡೆದವರ ಅನುಭವ

ಜಲಕಳೆ ಹತೋಟಿಗೆಂದು ಸ್ಥಳೀಯ ಸಂಘಗಳಿಗೆ ಕೊಡುವ ಅನುದಾನ ನಮ್ಮ ಕೆರೆ ಸಂಘಕ್ಕೂ ಸಿಕ್ಕಿತ್ತು. ಸಂಘದ ಲೆಕ್ಕಪತ್ರ ನೋಡಿಕೊಳ್ಳುವವಳು ನಾನು. ಅರ್ಜಿ ಬರೆದವಳೂ ನಾನೇ, ಬಿಲ್ ಜೋಡಿಸಿದವಳೂ ನಾನೇ. ಅರ್ಜಿ ಹಾಕಬೇಕೆಂದಿರುವವರಿಗೆ ಉಪಯೋಗವಾಗಲೆಂದು ಬರೆಯುತ್ತಿದ್ದೇನೆ. ಐದಕ್ಕೆ ಮೂರು ಸ್ಟಾರ್.

ಹಣ ಬಿಡುಗಡೆಗೆ ಮುಂಚೆ ಸರ್ವೆ ಕಡ್ಡಾಯ. ಯಾವ ಕಳೆ, ಎಲ್ಲೆಲ್ಲಿ, ಎಷ್ಟು ಅಂತ ನಕ್ಷೆ ಕೊಡಬೇಕು. ಇದು ಬೇಕೇಬೇಕಾದ ಕೆಲಸ. ನೇರಳೆ ಹೂವಿನ ಅಂತರಗಂಗೆ ತೇಲುವ ಗಿಡ, ಬೇರುಸಮೇತ ಎತ್ತಬಹುದು. ಹೈಡ್ರಿಲ್ಲಾ ಹಾಗಲ್ಲ. ಅದು ನೀರೊಳಗೆ ಬೆಳೆಯುತ್ತದೆ, ಯಂತ್ರ ಬಿಟ್ಟು ಕತ್ತರಿಸಿದರೆ ತುಂಡುಗಳು ತೇಲಿಹೋಗಿ ಇನ್ನೊಂದು ಕಡೆ ಬೇರೂರುತ್ತವೆ, ಗೆಡ್ಡೆ ಕೆಸರಲ್ಲೇ ಉಳಿಯುತ್ತದೆ. ಗಿಡ ಗುರುತಿಸುವ ತರಬೇತಿಗೂ ಹಣ ಕೊಟ್ಟರು.

ಸಂಘ ಹಾಕಬೇಕಾದ ಪಾಲಿನಲ್ಲಿ ಸ್ವಯಂಸೇವಕರ ದುಡಿಮೆಯನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ. ಅಂತರಗಂಗೆ ಎಳೆದವರಿಗೆ ಗೊತ್ತು ಅದೆಂಥ ದುಡಿಮೆಯೆಂದು. ಒಂದನ್ನು ಹಿಡಿದರೆ ಬಳ್ಳಿ ಕೂಡಿಕೊಂಡ ನಾಲ್ಕು ಬರುತ್ತವೆ. ಕುಂಚದಂಥ ಕಪ್ಪು ಬೇರಿನ ತುಂಬ ಬಸವನಹುಳು, ಕೆಸರು, ಪ್ಲಾಸ್ಟಿಕ್ ಚೂರು. ನೀರು ಸೋರುವ ಆ ಗೊಂಚಲನ್ನು ದಡಕ್ಕೆ ಹೊತ್ತು ಹಾಕುವಷ್ಟರಲ್ಲಿ ತೋಳು ಸೋತುಹೋಗುತ್ತದೆ. ಆ ಬೆವರಿಗೆ ಬೆಲೆ ಕೊಟ್ಟಿದ್ದಕ್ಕೆ ನನಗೆ ನಿಜವಾಗಿಯೂ ಸಂತೋಷವಾಯಿತು.

ಇನ್ನು ತೊಂದರೆಗಳು. ಮೊದಲು ಖರ್ಚು ಮಾಡಿ, ಆಮೇಲೆ ಬಿಲ್ ಕೊಟ್ಟು ಹಣ ಪಡೆಯಿರಿ ಅನ್ನುತ್ತಾರೆ. ಸಣ್ಣ ಸಂಘದ ಖಾತೆಯಲ್ಲಿ ಅಷ್ಟು ದುಡ್ಡು ಎಲ್ಲಿರುತ್ತದೆ? ಸದಸ್ಯರು ಕೈಗಡ ಕೊಟ್ಟಿದ್ದರಿಂದ ನಮ್ಮದು ನಡೆಯಿತು.

ವರದಿ ಫಾರಂನಲ್ಲಿ ಮುಖ್ಯ ಕಾಲಂ, ‘ತೆಗೆದ ಕಳೆ ಎಷ್ಟು ಟನ್’. ಅಂತರಗಂಗೆಯ ತೂಕದಲ್ಲಿ ಶೇ 90ಕ್ಕಿಂತ ಹೆಚ್ಚು ಬರೀ ನೀರು. ಕೆರೆ ತುಂಬುವ ತನಕ ಸುಮ್ಮನಿದ್ದವರಿಗೆ ಟನ್ ಜಾಸ್ತಿ ಬರುತ್ತದೆ, ಗಿಡ ಎಳೆಯದಾಗಿದ್ದಾಗಲೇ ಕಿತ್ತವರ ಲೆಕ್ಕ ಕಡಿಮೆ ಕಾಣುತ್ತದೆ. ಈ ಕಾಲಂ ಬದಲಾಗಲೇಬೇಕು. ಒಂದು ವರ್ಷ ಕಳೆದ ಮೇಲೆ ಎಷ್ಟು ನೀರು ಕಳೆಯಿಲ್ಲದೆ ಬಯಲಾಗಿದೆ ಅಂತ ಕೇಳಲಿ.

ಎಲ್ಲಕ್ಕಿಂತ ದೊಡ್ಡ ಕೊರತೆ ಅವಧಿಯದು. ಅನುದಾನ ಒಂದೇ ವರ್ಷಕ್ಕೆ. ಅಂತರಗಂಗೆಯ ಬೀಜ ಕೆಸರಿನಲ್ಲಿ 15–20 ವರ್ಷ ಜೀವ ಹಿಡಿದಿರಬಲ್ಲದು. ಬಿಸಿಲು, ಕೊಳಚೆ ನೀರಿನ ಗೊಬ್ಬರ ಎರಡೂ ಸಿಕ್ಕರೆ ಗಿಡ ಎರಡು ವಾರದಲ್ಲಿ ದುಪ್ಪಟ್ಟಾಗುತ್ತದೆ. ಕಳೆ ತಿನ್ನುವ ಹುಳು ಬಿಡುವ ದಾರಿಗೂ ಕಾಲ ಬೇಕು. ಆಫ್ರಿಕಾದ ವಿಕ್ಟೋರಿಯಾ ಸರೋವರದಲ್ಲಿ 1990ರ ದಶಕದಲ್ಲಿ ನಿಯೋಕೆಟಿನಾ ಎಂಬ ಮೂತಿಹುಳುಗಳನ್ನು ಬಿಟ್ಟಾಗ, ಅವು ಹೆಚ್ಚಿ ಕಳೆ ತಗ್ಗಿಸಲು ವರ್ಷಗಳೇ ಹಿಡಿದವು. ನಮ್ಮ ಕೆರೆಯಲ್ಲಿ ಅನುದಾನ ಮುಗಿದ ಮೇಲೆ ದಡದ ಜೊಂಡಿನ ಸಂದಿಯಲ್ಲಿ ಮತ್ತೆ ಎಳೆಸಸಿಗಳು ಕಂಡವು. ಆಗ ಕೀಳಲು ದೋಣಿ ಬಾಡಿಗೆಗೂ ಹಣವಿರಲಿಲ್ಲ.

ಅರ್ಜಿ ಹಾಕುವ ಮುಂಚೆ ಮುಂಗಡ ಸಿಗುತ್ತದೆಯೇ, ಎರಡನೇ ವರ್ಷದ ಖರ್ಚು ಸೇರಿಸಬಹುದೇ ಎಂದು ಬರಹದಲ್ಲೇ ಕೇಳಿಕೊಳ್ಳಿ. ತೆಗೆದ ಕಳೆಯನ್ನು ನೀರಿನಿಂದ ದೂರ ಹಾಕಲು ಜಾಗ ಗೊತ್ತುಮಾಡಿಕೊಳ್ಳಿ, ಸಾಗಣೆ ಖರ್ಚನ್ನೂ ಬರೆಯಿರಿ. ಮುಂದಿನ ಸುತ್ತಿಗೆ ನಾವೂ ಅರ್ಜಿ ಹಾಕಿದ್ದೇವೆ. ಈ ಸಲ ಯಂತ್ರದ ಬಾಡಿಗೆ ಕಡಿಮೆ ಮಾಡಿ, ದೋಣಿಗೆ, ಹೊಸ ಕಳೆ ತೇಲಿ ಬರದಂತೆ ಒಳಹರಿವಿಗೆ ಕಟ್ಟುವ ಬಲೆಗೆ ಹೆಚ್ಚು ಕೇಳಿದ್ದೇವೆ.