ಬಳ್ಳಾರಿಯವರಿಗೆ ವಾಯು ವಜ್ರ: ಬಸ್ಸಿನಲ್ಲಿ ದೋಷವಿಲ್ಲ, ತೊಡಕೆಲ್ಲ ಹೆಬ್ಬಾಳದ್ದು

ತೋರಣಗಲ್ಲಿನ ವಿದ್ಯಾನಗರ ವಿಮಾನ ನಿಲ್ದಾಣ ಬಳ್ಳಾರಿಗೆ ಎಷ್ಟೇ ಹತ್ತಿರವಿದ್ದರೂ ಹೊರದೇಶಕ್ಕೆ ಹೊರಟವರು ದೇವನಹಳ್ಳಿಯ ಬಳಿಯ ಬೆಂಗಳೂರು ವಿಮಾನ ನಿಲ್ದಾಣದ ದಾರಿಯನ್ನೇ ಹಿಡಿಯಬೇಕು. ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿನಲ್ಲಿ ಇಳಿದರೆ, ರೈಲು ನಿಲ್ದಾಣದ ಎದುರಿನ ಮೆಜೆಸ್ಟಿಕ್‌ನಲ್ಲೇ ಅಲ್ಲಿಗೆ ಹೋಗುವ ಬಿಎಂಟಿಸಿಯ ವಾಯು ವಜ್ರ ಬಸ್ಸು ಸಿಗುತ್ತದೆ. ಮಗಳನ್ನು ವಿಮಾನ ಹತ್ತಿಸಲೂ ಮರಳಿ ಕರೆತರಲೂ ಈ ಸೇವೆಯನ್ನು ಹಲವು ಬಾರಿ ಬಳಸಿರುವುದರಿಂದ, ನಮ್ಮ ಊರಿನವರ ಉಪಯೋಗಕ್ಕೆಂದು ಇದನ್ನು ಬರೆಯುತ್ತಿದ್ದೇನೆ.

ಬಸ್ಸಿನ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. 2008ರಲ್ಲಿ ಹೊಸ ವಿಮಾನ ನಿಲ್ದಾಣದ ಜೊತೆಗೇ ಆರಂಭವಾದ ಈ ಹವಾನಿಯಂತ್ರಿತ ಬಸ್ಸುಗಳು ರಾತ್ರಿಯ ವೇಳೆಯಲ್ಲಿಯೂ ಓಡುತ್ತವೆ, ದೊಡ್ಡ ಪೆಟ್ಟಿಗೆಗಳನ್ನು ಇಡಲು ಪ್ರತ್ಯೇಕ ಜಾಗವಿದೆ, ಟ್ಯಾಕ್ಸಿಗೆ ಕೊಡುವ ಹಣದ ಸಣ್ಣ ಪಾಲಿನಲ್ಲಿ ಕೆಲಸ ಮುಗಿಯುತ್ತದೆ. ಬೆಳಗಿನ ಜಾವ ಸುಮಾರು 35 ಕಿ.ಮೀ. ದಾರಿ ಸಾಗಿದ್ದೇ ತಿಳಿಯುವುದಿಲ್ಲ. ಅದೇ ಬಸ್ಸು ಸಂಜೆ ವಿಮಾನ ನಿಲ್ದಾಣದಿಂದ ಮೇಲ್ಸೇತುವೆಯ ಮೇಲೆ ರಭಸವಾಗಿ ಬಂದು, ಹೆಬ್ಬಾಳದಲ್ಲಿ ಕೆಳಗಿಳಿಯುತ್ತಿದ್ದಂತೆ ಕಾರುಗಳ ನಡುವೆ ಸಿಕ್ಕಿಕೊಳ್ಳುತ್ತದೆ. ಅಲ್ಲಿಂದ ಮೇಖ್ರಿ ವೃತ್ತದವರೆಗೆ ಚಾಲಕರ ಕೌಶಲವಾಗಲಿ ಎಂಜಿನ್ನಿನ ಶಕ್ತಿಯಾಗಲಿ ಪ್ರಯೋಜನಕ್ಕೆ ಬರುವುದಿಲ್ಲ. ನಮ್ಮ ಊರಿನ ಹೆಸರು ಹೊತ್ತ ಈ ಬಳ್ಳಾರಿ ರಸ್ತೆಯಲ್ಲಿ ನಿಂತಾಗ ನಮ್ಮ ರಾಯಲ್ ಸರ್ಕಲ್ಲೇ ವಾಸಿ ಎನಿಸಿದ್ದುಂಟು.

ಇದಕ್ಕೆ ಪರಿಹಾರವೆಂದು ಸರ್ಕಾರ ಮುಂದಿಟ್ಟಿದ್ದ ಯೋಜನೆಯೇ ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗಿನ 6.7 ಕಿ.ಮೀ. ಉಕ್ಕಿನ ಸೇತುವೆ. ಸುಮಾರು 1,800 ಕೋಟಿ ರೂಪಾಯಿ ಅಂದಾಜಿನ, 800ಕ್ಕೂ ಹೆಚ್ಚು ಮರಗಳನ್ನು ಬಲಿ ಕೇಳುತ್ತಿದ್ದ ಆ ಯೋಜನೆಯ ವಿರುದ್ಧ 2016ರ ಅಕ್ಟೋಬರ್‌ನಲ್ಲಿ ನಾಗರಿಕರು ಮಾನವ ಸರಪಳಿ ರಚಿಸಿದರು; 2017ರ ಮಾರ್ಚ್‌ನಲ್ಲಿ ಸಿದ್ದರಾಮಯ್ಯ ಸರ್ಕಾರ ಅದನ್ನು ಕೈಬಿಟ್ಟಿತು. ಸೇತುವೆ ಆಗಿದ್ದರೆ ಬಸ್ಸು ಬೇಗ ತಲುಪುತ್ತಿತ್ತು ಎಂದು ಸಹಪ್ರಯಾಣಿಕರು ಹೇಳುವುದನ್ನು ಕೇಳಿದ್ದೇನೆ. ನನಗೆ ಹಾಗೆ ಅನ್ನಿಸುವುದಿಲ್ಲ. ಹೆಬ್ಬಾಳದ ದಟ್ಟಣೆ ಬಸವೇಶ್ವರ ವೃತ್ತಕ್ಕೆ ವರ್ಗವಾಗುತ್ತಿತ್ತು, ಅಷ್ಟೇ.

ಆದರೆ ರದ್ದು ಮಾಡಿದ್ದರಿಂದಲೇ ಪ್ರಯಾಣಿಕರಿಗೆ ಏನೋ ದಕ್ಕಿತು ಎಂದೂ ಹೇಳಲಾಗದು. ಕೆನಡಾದ ಟೊರೊಂಟೊದಲ್ಲಿ ಸ್ಪಡೈನಾ ಎಂಬ ವೇಗದ ಹೆದ್ದಾರಿಯನ್ನು ಊರಿನ ನಡುವಿನವರೆಗೆ ತರುವ ಯೋಜನೆಯಿತ್ತು. ಜನರ ವಿರೋಧಕ್ಕೆ ಮಣಿದು 1971ರಲ್ಲಿ ಪ್ರಾಂತದ ಮುಖ್ಯಸ್ಥ ಬಿಲ್ ಡೇವಿಸ್ ಅದನ್ನು ನಿಲ್ಲಿಸಿದರು. ಕಟ್ಟಿದಷ್ಟು ತುಂಡು ಇಂದಿಗೂ ಎಗ್ಲಿಂಟನ್ ರಸ್ತೆಯ ಬಳಿ ಥಟ್ಟನೆ ಮುಗಿಯುತ್ತದೆ, ಅಲ್ಲಿ ವಾಹನಗಳ ಸಾಲು ತಪ್ಪಿದ್ದಲ್ಲ. ಥೇಟ್ ನಮ್ಮ ಹೆಬ್ಬಾಳ. ವ್ಯತ್ಯಾಸ ಇರುವುದು ಇಷ್ಟೇ: ಆ ಹೆದ್ದಾರಿಯ ನಡುವೆಯೇ ಹಾಯುವ ಮೆಟ್ರೊ ಮಾರ್ಗ 1978ರಲ್ಲಿ ತೆರೆಯಿತು, ಕಾರಿಲ್ಲದವರು ಆ ಸಾಲಿನಲ್ಲಿ ನಿಲ್ಲಬೇಕಾಗಿ ಬರಲಿಲ್ಲ. ಅಮೆರಿಕದ ಪೋರ್ಟ್‌ಲ್ಯಾಂಡ್ ಕೂಡ 1974ರಲ್ಲಿ ಮೌಂಟ್ ಹುಡ್ ಹೆದ್ದಾರಿಯನ್ನು ಕೈಬಿಟ್ಟು, ಉಳಿದ ಕೇಂದ್ರದ ಹಣದ ಒಂದು ಭಾಗವನ್ನು 1986ರಲ್ಲಿ ಆರಂಭವಾದ ಲಘು ರೈಲಿಗೆ ತಿರುಗಿಸಿತು.

ಬಳ್ಳಾರಿ ರಸ್ತೆಯಲ್ಲಿ ಸೇತುವೆ ರದ್ದಾದ ಮೇಲೆ ವಾಯು ವಜ್ರಕ್ಕೆ ಒಂದು ಪ್ರತ್ಯೇಕ ಪಥವೂ ದೊರೆಯಲಿಲ್ಲ. ಸಿಲ್ಕ್ ಬೋರ್ಡ್‌ನಿಂದ ಕೆ.ಆರ್.ಪುರದವರೆಗೆ ಹೊರವರ್ತುಲ ರಸ್ತೆಯಲ್ಲಿ 2019ರಲ್ಲಿ ಬಸ್ಸುಗಳಿಗೆಂದೇ ಪಥ ಬಿಟ್ಟುಕೊಟ್ಟದ್ದನ್ನು ನೋಡಿದವರಿಗೆ, ಇದು ಆಗದ ಕೆಲಸವೇನೂ ಅಲ್ಲವೆಂಬುದು ಗೊತ್ತು. ಹೆಬ್ಬಾಳದ ಮೂಲಕ ವಿಮಾನ ನಿಲ್ದಾಣಕ್ಕೆ ಹೋಗುವ ಮೆಟ್ರೊ ಮಾರ್ಗಕ್ಕೆ ಕೇಂದ್ರ ಸಂಪುಟದ ಒಪ್ಪಿಗೆ ದೊರೆತದ್ದು 2021ರಲ್ಲಿ. ಈ ನಡುವೆ ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ಗೆ ಸುರಂಗ ರಸ್ತೆ ಕೊರೆಯುವ ಮಾತು ಎದ್ದಿದೆ. ಮೇಲೆ ಬೇಡವೆಂದದ್ದನ್ನು ನೆಲದಡಿಗೆ ಇಳಿಸಿದರೆ ಬಸ್ಸಿನಲ್ಲಿ ಕೂತವರಿಗೆ ಆಗುವ ಲಾಭವನ್ನು ಯಾರಾದರೂ ವಿವರಿಸಬೇಕು.

ಸೇವೆಗೆ ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಕಡಿತವಾದ ಒಂದು ಅಂಕ ರಸ್ತೆಯ ಲೆಕ್ಕಕ್ಕೆ ಸೇರಿದ್ದು. ಬೆಳಗಿನ ಅಥವಾ ನಡುರಾತ್ರಿಯ ವಿಮಾನವಿದ್ದರೆ ನಿಶ್ಚಿಂತೆಯಿಂದ ಮೆಜೆಸ್ಟಿಕ್‌ನಲ್ಲಿ ಹತ್ತಬಹುದು. ಸಂಜೆಯ ವಿಮಾನಕ್ಕೆ ಹಗಲಿನಲ್ಲಿ ಹೊರಡುವವರು ಅನಂತಪುರ ಮಾರ್ಗದ ಬಸ್ಸು ಹಿಡಿದು ದೇವನಹಳ್ಳಿಯ ಬಳಿಯೇ ಇಳಿದು ಆಟೊ ಮಾಡಿಕೊಳ್ಳುವುದು ಲೇಸು. ಹೆಬ್ಬಾಳದ ಗೊಡವೆಯೇ ಇರುವುದಿಲ್ಲ.