ಎದೆಹಾಲೋ, ರಕ್ತವೋ: ಯಾವ ಮಾದರಿ ಆರಿಸಬೇಕು?

ಜನರ ದೇಹದಲ್ಲಿ ವಿಷದ ರಾಸಾಯನಿಕ ಎಷ್ಟು ಸೇರಿದೆ ಅಂತ ಅಧ್ಯಯನಕ್ಕೆ ಹೊರಟಿದ್ದೀರಾ? ಯಾವ ವಿಷ ಅನ್ನೋದನ್ನು ಮೊದಲು ತೀರ್ಮಾನಿಸಿ.

ಕೀಟನಾಶಕ ಡಿಡಿಟಿ, ಹಳೆಯ ಟ್ರಾನ್ಸ್‌ಫಾರ್ಮರ್ ಎಣ್ಣೆಯಲ್ಲಿದ್ದ ಪಿಸಿಬಿ, ಕಸ ಸುಟ್ಟಾಗ ಹುಟ್ಟುವ ಡಯಾಕ್ಸಿನ್ ಕೊಬ್ಬಿನಲ್ಲಿ ಕೂತುಬಿಡುತ್ತವೆ. ಎದೆಹಾಲಿನಲ್ಲಿ ಕೊಬ್ಬು ಶೇ. 3ರಿಂದ 4ರಷ್ಟಿರುತ್ತದೆ, ರಕ್ತದ ಸೀರಮ್‌ನಲ್ಲಿ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ ದ್ರವ) ಶೇ. 1ಕ್ಕಿಂತ ಕಡಿಮೆ. ಹಾಗಾಗಿ ಇವಕ್ಕೆ ಹಾಲೇ ವಾಸಿ. ಸೂಜಿ ಚುಚ್ಚಬೇಕಿಲ್ಲ. ತಾಯಿ ಮನೆಯಲ್ಲೇ ಕೈಯಿಂದ ಹಿಂಡಿ ಗಾಜಿನ ಬಾಟಲಿಯಲ್ಲಿ ಕೊಡಬಹುದು. ವಿಶ್ವ ಆರೋಗ್ಯ ಸಂಸ್ಥೆ 1987ರಲ್ಲೇ ಇಂಥ ಸಮೀಕ್ಷೆ ಶುರು ಮಾಡಿತ್ತು. ಆದರೆ ಚೊಚ್ಚಲ ಬಾಣಂತಿಯರನ್ನೇ ಆರಿಸಬೇಕು, ಏಕೆಂದರೆ ಹಾಲೂಡಿಸಿದಂತೆಲ್ಲ ತಾಯಿಯ ದೇಹದ ವಿಷ ಇಳಿಯುತ್ತದೆ. ಇದನ್ನು ಕೇಳಿ ತಾಯಂದಿರು ಗಾಬರಿಯಾಗುತ್ತಾರೆ, ಅಲ್ವಾ? ಹಾಲೂಡಿಸುವುದನ್ನು ನಿಲ್ಲಿಸಬೇಡಿ, ಮಗುವಿಗೆ ಲಾಭವೇ ಜಾಸ್ತಿ ಅಂತ ಮಾದರಿ ಕೇಳುವ ಮೊದಲೇ ಕೂತು ಹೇಳಿ.

ಬಟ್ಟೆ, ಕಾರ್ಪೆಟ್‌ಗೆ ಕಲೆ ಅಂಟದಿರಲೆಂದು ಬಳಸುತ್ತಿದ್ದ ಪಿಎಫ್‌ಒಎಸ್ ಎಂಬ ರಾಸಾಯನಿಕ ಹುಡುಕುವವರಿಗೆ ರಕ್ತವೇ ಬೇಕು. ಅದು ಕೊಬ್ಬಿಗಲ್ಲ, ರಕ್ತದ ಪ್ರೋಟೀನ್‌ಗೆ ಅಂಟುತ್ತದೆ. ಹಾಲಿಗೆ ಬರುವುದು ತೀರಾ ಕಡಿಮೆ. ಟೆಫ್ಲಾನ್ ಪದರವಿರುವ ಮುಚ್ಚಳ ಬಳಸಬೇಡಿ, ಅದರಿಂದ ಇದೇ ಬಳಗದ ರಾಸಾಯನಿಕ ಮಾದರಿಗೆ ಬೆರೆತು ಲೆಕ್ಕ ಕೆಡುತ್ತದೆ. ಗಂಡಸರು, ಮಕ್ಕಳು, ಮುದುಕರು ಎಲ್ಲರನ್ನೂ ಸೇರಿಸಿಕೊಳ್ಳಬೇಕೆಂದರೂ ರಕ್ತವೇ ದಾರಿ.

ದಕ್ಷಿಣ ಕನ್ನಡದ ಗೇರು ತೋಟಗಳಲ್ಲಿ ಸಿಂಪಡಿಸಿದ್ದ ಕೀಟನಾಶಕ ಎಂಡೋಸಲ್ಫಾನ್ ಬಗ್ಗೆ ಕೆಲಸ ಮಾಡುವವರಿಗೆ ಮಾತ್ರ ಎರಡೂ ಸಾಲದು. ಅದು ದೇಹದಲ್ಲಿ ಬಹಳ ಕಾಲ ನಿಲ್ಲುವುದಿಲ್ಲ. ಇವತ್ತು ಮಾದರಿ ತೆಗೆದರೆ ಅಂದಿನ ಲೆಕ್ಕ ಸಿಗದು. ಸಿಂಪಡಣೆಯ ಹಳೆಯ ದಾಖಲೆ, ಆಸ್ಪತ್ರೆಯ ಕಡತ, ಊರವರ ನೆನಪು, ಇವನ್ನೇ ಹಿಡಿದು ಹೊರಡಬೇಕು.